ಬೀಗರು ಮುಟ್ಟದ ಗಿಲಾಸು

ಬೀದರ ಶಹರದಾಗ ಬಾರಿಗೇನು ಕಮ್ಮಿ ಇಲ್ಲ ನೋಡ್ರಿ. ಆದ್ರ ಕೊಳ್ಳಾಗ ತುಳಸಿ ಮಾಲಿ ಹಾಕ್ಕೊಂಡು ಗಿರಾಕಿಗಳಿಗೆ ವ್ಹಿಸ್ಕಿ ಹಾಕಿ ಕೊಡೋ ಮನಷ್ಯಾ ಇಡೀ ಜಿಲ್ಲಾದಾಗ ಒಬ್ಬನೇ. ಅಂವ ಠಾಣಾ ಕುಶನೂರಿನ ಕುರಿ ಧೊಂಡಿಬಾನ ಮಗ ಶಿವಕಾಂತ. ನಗಬ್ಯಾಡ್ರಿ. ನಗೋವ್ರು ಬೇಕಾದಷ್ಟು ಮಂದಿ ನಕ್ಕು ಮುಗಿಸ್ಯಾರ, ನೀವು ಹೊಸದಾಗಿ ನಗೋದು ಯಾನೂ ಉಳದಿಲ್ಲ.

ತುಳಸಿ ಮಾಲಿ ಅಂದ್ರ ನಮ್ಮ ಕಡಿ ಮಂದಿಗಿ ಆಟದ ಮಾತಲ್ಲ. ಒಮ್ಮಿ ಕೊಳ್ಳಿಗಿ ಬಿತ್ತಂದ್ರ ಕಂಡ ತಿನ್ನಂಗಿಲ್ಲ, ಶೆರಿ ಕುಡಿಯಂಗಿಲ್ಲ, ವರ್ಷಾ ಆಷಾಢದಾಗ ಪಂಢರಪುರಕ್ಕ ನಡಕೋತ ಹೋಗಬೇಕು. ಮಾಳಕರಿ ಅಂತಾರ ಅಂಥವರಿಗಿ. ಧೊಂಡಿಬಾ ಐವತ್ತು ವರ್ಷದ ಮಾಳಕರಿ. ಕುರಿ ಸಾಕಿ, ಉಣ್ಣಿ ಕತ್ತರಿಸಿ ಜೀವನಾ ಮಾಡ್ದ, ತನ್ನ ಕುರಿದು ಒಂದು ತುಣುಕು ಬಾಯಾಗ ಇಟ್ಟವನಲ್ಲ. ಮಗಗ ಹನ್ನೊಂದನೇ ವರ್ಷಕ್ಕ ಪಂಢರಪುರದಾಗೇ ಮಾಲಿ ಹಾಕಿಸಿದ. ಈಗ ಶಿವಕಾಂತಗ ಮೂವತ್ತಾರು. ಮಾಲಿ ತಗದಿಲ್ಲ, ಅದರ ನೇಮಾನೂ ಮುರದಿಲ್ಲ.

ಹಂಗಿದ್ದವ ಬಾರಿಗಿ ಹ್ಯಾಂಗ ಬಂದ ಅಂದ್ರ, ಹೊಟ್ಟಿ ಎಳಕೊಂಡು ಬಂತು. ಹೈದರಾಬಾದಿನ ಒಂದು ದೊಡ್ಡ ಹೋಟೆಲಿನಾಗ ಗಿಲಾಸು ತೊಳೆಯೋ ಕೆಲಸಕ್ಕ ಸೇರಿದ್ದ. ತೊಳಕೋತ ತೊಳಕೋತ, ತಳದಾಗ ಉಳದ ವಾಸ್ನಿ ಮ್ಯಾಲೇ ಯಾವ ಗಿಲಾಸಿನಾಗ ಯಾನ ಇತ್ತು ಅಂತ ಹೇಳ್ಲಾಕ ಶುರು ಮಾಡ್ದ. ಅಲ್ಲಿನ ಬಾರಿನ ಉಸ್ತಾದ ಮೊದಲ ನಕ್ಕ, ಆಮ್ಯಾಲ ಪರೀಕ್ಷಾ ಮಾಡ್ದ, ಆಮ್ಯಾಲ ರಟ್ಟಿ ಹಿಡದು ಕೌಂಟರಿಗಿ ಎಳಕೊಂಡ. ಏಳು ವರ್ಷ ಅಲ್ಲಿ ಕಲ್ತು ಬೀದರಕ್ಕ ಬಂದು, ಭಾಲ್ಕಿ ಸಂತೋಷಕುಮಾರ ಸಾವಕಾರರ ಹೋಟೆಲಿನ ಬಾರ್ ಹಿಡದ. ನಾಲಿಗಿಗಿ ಒಂದು ಹನಿ ಹಚ್ಚದೇ ಮೂಗು, ಕಿವಿ, ಅಂಗೈ ಇಷ್ಟರ ಮ್ಯಾಲೇ ಅವನ ಕೆಲಸ.

ಗಿರಾಕಿಗಳು ಜರಾ ಏರಿದ್ರಂದ್ರ ಅವನ ಬೆನ್ನು ಹತ್ತತಿದ್ರು. "ಏ ಮಾಳಕರಿ, ಒಂದು ಗುಟುಕು ಹಾಕೋ, ವಿಠೋಬಾ ಯಾನೂ ಅನ್ನಂಗಿಲ್ಲ!" ಶಿವಕಾಂತ ಜಗಳಾ ಆಡ್ತಿರಲಿಲ್ಲ, ಉಪದೇಶಾನೂ ಮಾಡ್ತಿರಲಿಲ್ಲ. ಎರಡು ಬೆರಳು ಮಾಲಿಗಿ ಹಚ್ಚಿ ನಗ್ತಿದ್ದ. ಅಷ್ಟೇ ಜವಾಬು. ಗಿರಾಕಿ ಎದ್ದು ನಿಂತಾಗ ಕಾಲು ತೊಡರಿದ್ರ ಮಾತ್ರ ಆ ಮನಷ್ಯಾಗ ಮುಂದ ಹಾಕ್ತಿರಲಿಲ್ಲ, ತಹಸೀಲ್ದಾರನೇ ಆಗಿರ್ಲಿ. ಒವೈಸನ ಆಟೋಕ್ಕ ಫೋನ್ ಹಚ್ಚಿ ಮನಿ ಬಾಗಲ ತನಕಾ ಮುಟ್ಟಸ್ತಿದ್ದ. ಇದಕ್ಕ ಸಾವಕಾರರು ದಿನಾ ಬೈತಿದ್ರು, ಅಂವ ದಿನಾ ಹೂಂ ಅಂತಿದ್ದ, ಮರದಿನ ಮತ್ತ ಹಂಗೇ ಮಾಡ್ತಿದ್ದ.

ಧೊಂಡಿಬಾನ ತಲ್ಯಾಗ ಮಾತ್ರ ಮಗ ಹೋಟೆಲಿನಾಗ ಅಡಿಗಿ ಮಾಡ್ತಾನ ಅಂತಿತ್ತು. ಎರಡು ವರ್ಷದ ಹಿಂದ ಆ ಭ್ರಮಾ ಹರೀತು. ಊರಿನ ಸುಮಿತ ಅನ್ನೋ ಹುಡುಗ, ಲಗ್ನಾ ಆಗಿ ಇನ್ನಾ ಆರು ತಿಂಗಳಿಲ್ಲ, ಬೀದರಕ್ಕ ಬಂದವ ಶಿವಕಾಂತನ ಬಾರಿನಾಗ ಕೂತು ಕುಡದ. ಆ ದಿನ ಗದ್ದಲ ಭಾಳ ಇತ್ತು, ಅವನ ಕಾಲು ನೋಡೋದು ಶಿವಕಾಂತಗ ಮರ್ತು ಹೋಯ್ತು. ಸುಮಿತ ಬಸ್ ಸ್ಟ್ಯಾಂಡಿಗಿ ಹೋಗಿ ಬಿದ್ದ, ಕಂಡಕ್ಟರ್ ಹತ್ತಿಸ್ಕೊಳ್ಳಲಿಲ್ಲ. ಸುದ್ದಿ ತಿಳದು ಶಿವಕಾಂತ ಓಡಿ ಹೋಗಿ, ಅವನ್ನ ಎತ್ತಿ ತನ್ನ ಮೋಟರ್ ಸೈಕಲ್ ಮ್ಯಾಲ ಕೂಡಿಸಿ, ಟಾವೆಲ್ಲಿಲೆ ತನ್ನ ನಡಕ್ಕ ಕಟಗೊಂಡು, ಮಟಮಟ ಮಧ್ಯಾನದಾಗ ಊರಿಗಿ ಒಯ್ದ. ಹಾದ್ಯಾಗ ಆ ಪುಣ್ಯಾತ್ಮ ಇವನ ಬೆನ್ನು ತುಂಬ ವಾಂತಿ ಮಾಡ್ಕೊಂಡ. ಊರ ಬಾಯಾಗಿನ ಬೇವಿನ ಗಿಡದ ಬುಡಕ ಧೊಂಡಿಬಾ ಕುರಿ ನಿಲ್ಲಿಸ್ಕೊಂಡು ಕೂತಿದ್ದ. ಸುಮಿತ ಅವನ್ನ ನೋಡಿ, "ಕಾಕಾ, ನಿನ್ನ ಮಗ ಹಾಕಿ ಕೊಟ್ಟದ್ದು, ಭಾಳ ರುಚಿ ಇತ್ತು!" ಅಂತ ಒದರಿದ.

ಧೊಂಡಿಬಾ ಎದ್ದು ಕುರಿ ತಿರುಗಿಸಿದ. ಮನಿಗಿ ಬಂದ. ಶಿವಕಾಂತ ಮೈ ತೊಳಕೊಂಡು, ಬಿಸಲಾಗಿಂದ ಬಂದ ಅಪ್ಪಗ ಯಾವಾಗಿನ ರೂಢಿ ಹಂಗ ತಂಬಗ್ಯಾಗ ನೀರು ತಂದು ಮುಂದ ಹಿಡದ.

"ಅಲ್ಲಿಡು," ಅಂದ ಧೊಂಡಿಬಾ.

ಶಿವಕಾಂತ ಇಟ್ಟ. ಅಪ್ಪ ಮುಟ್ಟಲಿಲ್ಲ. "ನಿನ್ನ ಕೊಳ್ಳಾಗಿನ ಮಾಲಿ ಖರೇ ಇರಬಹುದು. ಕೈ ಖರೇ ಇಲ್ಲ," ಅಂದ. ತಾಯಿ ಕಾಂತಾಬಾಯಿ ಆ ನೀರು ಚೆಲ್ಲಿ, ಕೊಡದಾಗಿಂದ ಬ್ಯಾರೆ ತುಂಬಿ ಗಂಡಗ ಕೊಟ್ಟಳು. ಅಂದಿನಿಂದ ಎರಡು ವರ್ಷ ಅದೇ ನಡೀತು. ಬೈಗಳಿಲ್ಲ, ಜಗಳಿಲ್ಲ, ಮನಿಗಿ ಬರಬ್ಯಾಡ ಅನ್ನೋದೂ ಇಲ್ಲ. ಮಗ ಬಂದ್ರ ಊಟಕ್ಕ ಬಾಜೂಕ ಕೂಡಸ್ಕೋತಿದ್ದ, ಆದ್ರ ನೀರು ಮಾತ್ರ ಅವನ ಕೈಯಿಂದ ಕುಡೀತಿರಲಿಲ್ಲ. ಬೈದಿದ್ರ ಶಿವಕಾಂತ ತಡಕೋತಿದ್ದ.

ಈ ವರ್ಷ ಅದು ಇನ್ನಾ ಬಿಗಿ ಆಯ್ತು. ಧೊಂಡಿಬಾಗ ಎಪ್ಪತ್ತೆರಡು ತುಂಬಿ ಮಣಕಾಲು ಹಿಡದಾವ. ಸಂಗಡ ಯಾರರೆ ಇಲ್ಲದೇ ಪಂಢರಪುರದ ನಡಿಗಿಗಿ ಬರಬ್ಯಾಡ ಅಂತ ಕೂಡಿ ನಡಿಯೋ ದಿಂಡಿಯವ್ರು ಹೇಳಿಬಿಟ್ರು. ಸಂಗಡ ಹೋಗೋವಂದು ದೊಡ್ಡ ಕೆಲಸ ಅಂದ್ರ ನೀರಿನ ಚರಗಿ ಹಿಡಿಯೋದು. ಕಾಂತಾಬಾಯಿ ಮಗನ ಹೆಸರು ತಗದಾಗ ಧೊಂಡಿಬಾ, "ಅವನ ಕೈ ನೀರು ಕುಡಕೋತ ಹೋಗೋದಕ್ಕಿಂತ ಮನ್ಯಾಗೇ ಕೂಡ್ತೇನಿ," ಅಂದ. ಐವತ್ತು ವರ್ಷದಾಗ ಒಂದು ಆಷಾಢ ತಪ್ಪಿಸದ ಮನಷ್ಯಾ. ಫೋನಿನಾಗ ಅವ್ವ ಇದನ್ನ ಹೇಳಿ ಅತ್ತಾಗ ಶಿವಕಾಂತ ತನ್ನ ಅಂಗೈ ನೋಡ್ಕೊಂಡ. ಅಪ್ಪನ ಪಂಢರಪುರ ತನ್ನ ಕೈಯಿಂದ ತಪ್ಪತದ ಅಂದ್ರ ಈ ಕೈ ಕಟಗೊಂಡು ಮಾಡೋದರೆ ಯಾನ?

ಅಂಥಾದ್ರಾಗ ಸಾವಕಾರರ ಮನ್ಯಾಗ ಲಗ್ನದ ಗದ್ದಲ ಎದ್ದಿತು. ಮಗಳು ಮೇಘಾ ಐರ್ಲೆಂಡಿನಾಗ ನರ್ಸ್ ಅದಾಳ. ಅಲ್ಲಿಯವನೇ ಕೀರನ್ ಅನ್ನೋ ಹುಡುಗನ್ನ ಮೆಚ್ಚಿ ಮದಿವಿ ಮಾಡ್ಕೊಂಡಾಳ. ಭಾಲ್ಕಿ ಮಂದಿ ಅವಗ ಒಂದೇ ದಿನದಾಗ ಕಿರಣಕುಮಾರ ಮಾಡಿಬಿಟ್ರು. ಏಪ್ರಿಲ್ ತಿಂಗಳಾಗ ಭಾಲ್ಕಿಯೊಳಗ ಬಳಗಕ್ಕೆಲ್ಲ ಊಟ ಹಾಕೋದು ಅಂತಾತು. ಹುಡುಗನ ಅಪ್ಪ ಡೋನಲ್ ಅನ್ನೋ ಎಪ್ಪತ್ತು ವರ್ಷದ ಮುದುಕ, ಅಲ್ಲಿ ಟಿಪ್ಪರೆರಿ ಅನ್ನೋ ಜಿಲ್ಲಾದಾಗ ಕುರಿ ಸಾಕೋ ಒಕ್ಕಲಿಗ, ಅಷ್ಟು ದೂರದಿಂದ ಬಂದಿದ್ದ.

"ಶಿವ್ಯಾ, ಬೀಗರಿಗಿ ಯಾನರೆ ಜೋರ್ ಮಾಡಬೇಕಲ್ಲ," ಅಂದ್ರು ಸಾವಕಾರರು. "ಅಳಿಯಾ ನನಗ ಐರಿಶ್ ವ್ಹಿಸ್ಕಿ ಬಾಟ್ಲಿ ತಂದಾನ. ಆ ದೇಶದವ್ರು ತಾಯಿ ಹಾಲು ಬಿಟ್ಟ ಮರದಿನಾನೇ ವ್ಹಿಸ್ಕಿ ಹಿಡೀತಾರಂತ. ಬರೇ ನೀರು ಹಾಕಿ ಕೊಟ್ರ ನನ್ನ ಮರ್ಯಾದಿ ಯಾನ ಉಳೀತು?"

ಇಲ್ಲೇ ಶಿವಕಾಂತಗ ತನ್ನ ವಿದ್ಯಾದ ಸೊಕ್ಕು ಬಾಯಿಗಿ ಬಂತು. "ಸಾವಕಾರ್ರ, ಅವರ ಜಿಲ್ಲಾದ ಹೆಸರಿಂದೇ ಒಂದು ಕಾಕ್‌ಟೇಲ್ ಅದರಿ. ಐರಿಶ್ ವ್ಹಿಸ್ಕಿ, ವರ್ಮೂತ್ ಅನ್ನೋ ಸಿಹಿ ದ್ರಾಕ್ಷಿ ಶೆರಿ, ಮತ್ತ ಒಂದು ಹಸರು ಲಿಕ್ಕರ್. ಆ ಹಸರಂದು ಫ್ರಾನ್ಸಿನ ಮಠದ ಸ್ವಾಮಿಗಳು ನೂರಾ ಮೂವತ್ತು ಬೇರು ಸೊಪ್ಪು ಹಾಕಿ ಮಾಡ್ತಾರಂತ."

"ಮಠದ ಸ್ವಾಮಿಗಳು?" ಸಾವಕಾರರು ಬಾಯಿ ಮ್ಯಾಲ ಕೈ ಇಟ್ಟಕೊಂಡ್ರು. "ಯಪ್ಪಾ! ತರಿಸು. ಮೇಘಾಗ ಮಾತ್ರ ಹೇಳಬ್ಯಾಡ, ಎಲ್ಲಾರ ಮುಂದ ಒಮ್ಮಿಗೇ ಗೊತ್ತಾಗ್ಲಿ."

ಹಸರು ಬಾಟ್ಲಿ, ವರ್ಮೂತ್ ಎರಡೂ ಹೈದರಾಬಾದಿನಿಂದ ಬಂದ್ವು. ಬೀಗರ ಹೆಗಲಿಗಿ ಹೊಚ್ಚಲಾಕ ಖರೇ ಕರಿ ಕಂಬಳಿ ಬೇಕು ಅಂತ ಸಾವಕಾರರು ಧೊಂಡಿಬಾಗ ಹೇಳಿ ಕಳಿಸಿದ್ರು. ಅಂದ್ರ ಶಿವಕಾಂತ ಗಿಲಾಸು ಹಿಡದು ನಿಲ್ಲೋ ಜಾಗಾಕ್ಕೇ ಅವನ ಅಪ್ಪಾನೂ ಬರಂವ ಇದ್ದ. ಮಗನ ಕೆಲಸ ಧೊಂಡಿಬಾ ಒಮ್ಮಿನೂ ಕಣ್ಣಿಲೆ ಕಂಡಿರಲಿಲ್ಲ. ಆ ದಿನ ಮುಂಜಾನಿ ಶಿವಕಾಂತ ಬರ್ಫದ ಡಬ್ಬಿ ಹೊತಗೊಂಡು ಭಾಲ್ಕಿ ಬಸ್ ಹತ್ತೋವಾಗ ಅವನ ತಲ್ಯಾಗ ಅದೊಂದೇ ಇತ್ತು.

ಧೊಂಡಿಬಾ ಹನ್ನೊಂದು ಗಂಟಿಗಿ ಕಂಬಳಿ ಗಂಟು ಹೆಗಲ ಮ್ಯಾಲ ಹಾಕ್ಕೊಂಡು ಬಂದ. ಬಿಸಲಿಗಿ ಮಾರಿ ಕೆಂಪಗಾಗಿತ್ತು, ಪಟಗಾ ತೊಯ್ದಿತ್ತು. ಅಂಗಳದ ಶಾಮಿಯಾನಾದಾಗ ಅವನ್ನ ಮೊದಲ ಕಂಡವ ಶಿವಕಾಂತನೇ. ಕೈಯಾಗ ತಣ್ಣೀರಿನ ಜಗ್ಗು ಇತ್ತು. ಅದನ್ನೇ ಹಿಡಕೊಂಡು ಹೋದ.

"ಅಪ್ಪಾ, ನೀರು."

"ಅಲ್ಲಿಡು."

ಕುರ್ಚಿ ಮ್ಯಾಲ ಇಟ್ಟ. ಧೊಂಡಿಬಾನ ಗಂಟಲು ಒಣಗಿದ್ದು ಅವನ ಮಾತಿನಾಗೇ ಗೊತ್ತಾಗ್ತಿತ್ತು. ಆ ಜಗ್ಗಿನ ಬಾಜೂಕೇ ಕೂತ, ಅದರ ಕಡಿ ನೋಡಲಿಲ್ಲ. ಸಾವಕಾರರ ಹೇಣ್ತಿ ಲಲಿತಾಬಾಯಿ ಒಳಗಿಂದ ಬಂದು, "ಅಯ್ಯ, ಕಾಕಾಗ ಯಾರೂ ನೀರು ಕೊಟ್ಟೇ ಇಲ್ಲಲ್ಲ!" ಅಂತ ತಾವೇ ಹಿತ್ತಾಳಿ ತಂಬಗಿ ತಂದು ಕೊಟ್ರು. ಗಟಗಟ ಕುಡದ. ಶಿವಕಾಂತ ಬರ್ಫದ ಡಬ್ಬಿ ಮುಂದ ಬಗ್ಗಿಕೊಂಡು ನಿಂತಿದ್ದ. ಎರಡು ವರ್ಷ ಆದ್ರೂ ಈ ಹೊಡತಕ್ಕ ಅವನ ಮೈ ಹೊಂದಿರಲಿಲ್ಲ.

ಡೋನಲ್ ಬಂದ. ಉದ್ದನ ಮನಷ್ಯಾ, ಬೆಳ್ಳನ ಹುಬ್ಬು, ಅಷ್ಟು ಬಿಸಲಾಗೂ ಕೋಟು ಹಾಕ್ಕೊಂಡಿದ್ದ. ಅಂಗೈ ನೋಡಿದ್ರ ಸಾಕು ಇಂವ ಕೂತು ತಿಂದವನಲ್ಲ ಅಂತ ತಿಳೀತಿತ್ತು. ಧೊಂಡಿಬಾ ಎದ್ದು ಕಂಬಳಿ ಬಿಚ್ಚಿ ಅವನ ಹೆಗಲಿಗಿ ಹೊಚ್ಚಿದ. ಬ್ಯಾರೆಯವ್ರಾಗಿದ್ರ ನಗಿ ಮಾರಿ ಮಾಡಿ ಫೋಟೋ ತಗಸ್ಕೋತಿದ್ರು. ಇಂವ ಕಂಬಳಿ ಅಂಚು ತಿರುಗಿಸಿ ನೋಡ್ದ, ಉಣ್ಣಿ ತಿಕ್ಕಿ ನೋಡ್ದ, ಮೂಗಿಗಿ ಹಿಡದು ನೋಡ್ದ. ಆಮ್ಯಾಲ ಕೈ ಮೊಣಕಾಲ ತನಕಾ ಇಳಿಸಿ, ಕುರಿ ಇಷ್ಟು ಎತ್ತರ ಇರ್ತಾವೇನು ಅಂತ ಕೈ ಸನ್ನಿ ಮಾಡ್ದ. ಧೊಂಡಿಬಾ ಆ ಕೈ ಹಿಡದು ನಾಲ್ಕು ಬೆರಳು ಮ್ಯಾಲ ಎತ್ತಿದ. ಇಬ್ಬರೂ ನಕ್ರು. ಒಬ್ಬಂದು ಇಂಗ್ಲಿಷು, ಒಬ್ಬಂದು ಕುಶನೂರಿನ ಕನ್ನಡ, ಆದ್ರ ಹತ್ತು ನಿಮಿಷ ಬಾಜೂ ಬಾಜೂ ಕೂತು ಕುರಿ ಕಾಲು, ಕುರಿ ಹಲ್ಲು, ಕುರಿ ಬ್ಯಾನಿ ಎಲ್ಲಾ ಮಾತಾಡಿ ಮುಗಿಸಿದ್ರು.

"ಈಗ ಶುರು ಮಾಡೋ ಶಿವ್ಯಾ!" ಅಂತ ಸಾವಕಾರರು ಪಡಸಾಲ್ಯಾಗ ನಿಂತು ಕೈ ಚಪ್ಪರಿಸಿದ್ರು. ಬಳಗೆಲ್ಲ ಸುತ್ತಾ ನಿಂತಿತು. ಅಳಿಯಾ, ಮೇಘಾ ಇಬ್ಬರೂ ಇನ್ನಾ ಒಳಗ ತಯಾರಾಗ್ಲಾಕತ್ತಿದ್ರು. ಬೀಗರನ್ನ ನಡಕ ಕುರ್ಚಿ ಮ್ಯಾಲ ಕೂಡಿಸಿದ್ರು. ಧೊಂಡಿಬಾ ಅವರ ಬಾಜೂ ಬಿಟ್ಟು ಏಳಬೇಕಂದ್ರ ಡೋನಲ್ ಬಿಡಲಿಲ್ಲ, ಮುಂಗೈ ಹಿಡದು ಕೂಡಿಸ್ಕೊಂಡ.

ಹಿಂಗ ಅಪ್ಪನ ಕಣ್ಣ ಮುಂದೇ ಶಿವಕಾಂತ ಕೆಲಸಕ್ಕ ನಿಂತ. ದಪ್ಪ ಗಾಜಿನ ಪಾತ್ರಿಗಿ ಎರಡು ಪಾಲು ವ್ಹಿಸ್ಕಿ, ಒಂದು ಪಾಲು ವರ್ಮೂತ್ ಹಾಕ್ದ. ಹಸರು ಬಾಟ್ಲಿ ಬಿರಡಿ ತಗದ ಕೂಡ್ಲೇ ಸೋಪು, ಪುದೀನಾ, ಯಾವದೋ ಕಾಡುಸೊಪ್ಪು ಎಲ್ಲಾ ಕೂಡಿದ ವಾಸ್ನಿ ಪಡಸಾಲಿ ತುಂಬ ಹರಡಿತು. ಇದು ಒಂದು ಹನಿ ಹೆಚ್ಚಾದ್ರ ಉಳದದ್ದನ್ನೆಲ್ಲ ನುಂಗಿ ಹಾಕ್ತದ. ಅದಕ್ಕ ಉಸಿರು ಹಿಡದು ಸುರದ. ಮುಂಜಾನಿ ತಂದ ಗಟ್ಟಿ ಬರ್ಫ ಇಳಿಸಿದ. ಆಮ್ಯಾಲ ಉದ್ದನ ಚಮಚಾ ಗಾಜಿನ ಗ್ವಾಡಿಗಿ ಆನಿಸಿ ತಿರುಗಿಸ್ಲಾಕ ಶುರು ಮಾಡ್ದ.

ಇದನ್ನ ಕುಲುಕಂಗಿಲ್ಲ. ಕುಲುಕಿದ್ರ ಮಬ್ಬಾಗ್ತದ, ನೊರಿ ಏಳ್ತದ. ತಿರುಗಸಬೇಕು, ಬರ್ಫ ಬರ್ಫಕ್ಕ ಬಡೀಬಾರ್ದು, ಎಲ್ಲಾ ಒಟ್ಟಿಗೇ ಸುತ್ತಬೇಕು. ರಟ್ಟಿ ಅಲಗಾಡಂಗಿಲ್ಲ, ಬರೇ ಮಣಿಕಟ್ಟು, ಬೆರಳು. ಮೊದಲ ಬರ್ಫ ಕಟಕಟ ಅಂತದ, ಆಮ್ಯಾಲ ಅಂಚು ಕರಗಿ ಸಪ್ಪಳ ಮೆತ್ತಗಾಗ್ತದ. ಎಡಗೈಯಾಗ ಹಿಡದ ಗಾಜು ಅಂಗೈ ಜುಮ್ ಅನ್ನೋ ಅಷ್ಟು ತಣ್ಣಗಾದಾಗ ನಿಲ್ಲಸ್ಬೇಕು. ರುಚಿ ನೋಡೋ ಹಾದಿ ಇಲ್ಲದವಗ ಇವೇ ಕಣ್ಣು. ಜಾಲರಿಯೊಳಗ ಸೋಸಿ, ತಣ್ಣನ ಗಿಲಾಸಿಗಿ ಅಂಚಿನ ತನಕಾ ಇಳಿಸಿದ. ಒಂದು ಹನಿ ಹೊರಗ ಬೀಳಲಿಲ್ಲ. ಸಂತ್ರದ ಸಿಪ್ಪಿ ಮ್ಯಾಲ ಹಿಂಡಿ, ಎರಡೂ ಕೈಲೆ ಒಯ್ದು ಡೋನಲ್ ಮುಂದ ಇಟ್ಟು, ನಿಮ್ಮ ಜಿಲ್ಲಾದ ಹೆಸರಿಂದು ಸಾಹೇಬ್ರ ಅಂತ ಇಂಗ್ಲಿಷಿನಾಗ ಹೇಳ್ದ.

ಡೋನಲ್‌ನ ಮಾರಿ ಅರಳಿತು. ಗಿಲಾಸು ಎತ್ತಿ ಬೆಳಕಿಗಿ ಹಿಡದ. ಮೂಗಿಗಿ ಹಿಡದು ಕಣ್ಣು ಮುಚ್ಚಿದ. ಭಾಳ ಛಲೋ ಅದ, ಭಾಳ ಛಲೋ ಅದ ಅಂದ. ಆಮ್ಯಾಲ ಮೆಲ್ಲಕ ಕೆಳಗಿಟ್ಟ.

ಮಂದಿ ಕಾದ್ರು. ಡೋನಲ್ ಮಂದಿ ಮಾರಿ ನೋಡಿ ನಕ್ಕ, ಗಿಲಾಸಿಗಿ ಮತ್ತ ಕೈ ಹಚ್ಚಲಿಲ್ಲ.

ಬೀಗ ಕೊಟ್ಟದ್ದನ್ನ ಬಾಯಿಗಿ ಹಚ್ಚಲಿಲ್ಲಂದ್ರ ನಮ್ಮ ಕಡಿ ಅದು ಸಣ್ಣ ಮಾತಲ್ಲ. ಹಿಂದ ನಿಂತ ಮುದುಕರು ಒಬ್ಬರ ಕಿವ್ಯಾಗ ಒಬ್ಬರು ಬಾಯಿ ಇಟ್ರು. ಸಾವಕಾರರ ಮಾರಿ ಇಳೀತು. ಶಿವಕಾಂತನ ಹತ್ರ ಬಂದು ಹಲ್ಲು ಕಡಕೋತ, "ಯಾನ ಹಾಕ್ದ್ಯೋ ಭಾಡ್ಯಾ? ಮೂಗಿಗಿ ಹಿಡದು ಕೆಳಗಿಟ್ರಲ್ಲ! ರುಚಿ ನೋಡಲಾರದವಗ ಕೈಗಿ ಚಮಚಾ ಕೊಟ್ಟ ನನಗ ಬುದ್ಧಿ ಇಲ್ಲ. ಮತ್ತೊಂದು ಮಾಡು!" ಅಂದ್ರು. ಮೆಲ್ಲಕೇ ಅಂದದ್ದು, ಆದ್ರ ಧೊಂಡಿಬಾಗ ಕೇಳಿಸ್ತು. ಅಪ್ಪ ತಲಿ ಕೆಳಗ ಹಾಕಿದ್ದು ಶಿವಕಾಂತಗ ಕಾಣಿಸ್ತು.

ಹಸರಂದು ಹೆಚ್ಚಾಯ್ತೇನು? ಬರ್ಫ ಹೆಚ್ಚು ಕರಗಿ ನೀರಾಯ್ತೇನು? ಹದಿನೈದು ವರ್ಷದಾಗ ತನ್ನ ಮೂಗಿನ ಮ್ಯಾಲ ಅವಗ ಅನುಮಾನ ಬಂದದ್ದು ಅದೇ ಮೊದಲು. ಎರಡನೇದು ಮಾಡ್ದ. ಹಸರಂದು ಅರ್ಧಾ ಚಮಚಾ ಕಮ್ಮಿ, ನಾಲ್ಕು ಸುತ್ತು ಕಮ್ಮಿ. ಒಯ್ದು ಇಟ್ಟ. ಈ ಸಲ ಗಿಲಾಸು ನೋಡಲಿಲ್ಲ, ಮನಷ್ಯಾಗ ನೋಡ್ಕೋತ ನಿಂತ.

ಡೋನಲ್ ಗಿಲಾಸಿನ ಕಡಿ ನೋಡ್ದ. ಬೀಗನ ಕಡಿ ನೋಡ್ದ. ಸಂಕೋಚದಾಗ ಜರಾ ನಕ್ಕು, ಎರಡು ಬೆರಳು ಎತ್ತಿ ಕೋಟಿನ ಕಾಲರಿಗಿ ಹಚ್ಚಿದ. ಅಲ್ಲೊಂದು ಸಣ್ಣ ಬಿಲ್ಲಿ ಇತ್ತು, ಅದರಾಗ ಕೆಂಪು ಹೃದಯದ ಚಿತ್ರ.

ಆ ಎರಡು ಬೆರಳು ಶಿವಕಾಂತಗ ಗೊತ್ತಿದ್ವು. ದಿನಾ ಸಂಜಿಕ ಹತ್ತು ಸಲ ಅವೇ ಬೆರಳು ತನ್ನ ಕೊಳ್ಳಿಗಿ ಹೋಗ್ತಿದ್ವು. ಅಯ್ಯೋ ದೇವ್ರ, ಈ ಮುದುಕಗ ನಾವು ಎಲ್ಲಾರೂ ಕೂಡಿ ಕಾಡ್ಲಾಕತ್ತೇವಲ್ಲ ಅನಿಸ್ತು. ಯಾರಿಗೂ ಕೇಳಲಿಲ್ಲ, ಎರಡೂ ಗಿಲಾಸು ಎತ್ತಿ ಹಿಂದ ಇಟ್ಟ.

"ಯಾನ ಮಾಡ್ಲಾಕತ್ತಿದಿ?" ಅಂತ ಸಾವಕಾರರು ಚೀರಿದ್ರು.

"ಸಾಹೇಬ್ರು ಕುಡಿಯಂಗಿಲ್ಲರಿ," ಅಂದ ಶಿವಕಾಂತ. ತಿರುಗಿ ಇಂಗ್ಲಿಷಿನಾಗ, ಎಷ್ಟು ವರ್ಷಾಯ್ತು ಸಾಹೇಬ್ರ ಅಂತ ಕೇಳ್ದ.

ಡೋನಲ್ ಉಸಿರು ಬಿಟ್ಟ. ಹದಿನೈದನೇ ವರ್ಷಕ್ಕ ಚರ್ಚಿನಾಗ ಕುಡಿಯಂಗಿಲ್ಲ ಅಂತ ಆಣಿ ಮಾಡಿ ಈ ಬಿಲ್ಲಿ ಹಚ್ಚಿಕೊಂಡೀನಿ, ಇವತ್ತಿನ ತನಕಾ ಕುಡದಿಲ್ಲ, ಬೀಗರ ಮನಸ್ಸು ನೋಯಿಸಬಾರದು ಅಂತ ಸುಮ್ಮನ ಕೂತೆ ಅಂದ.

ಗದ್ದಲ ಕೇಳಿ ಮೇಘಾ ಸೀರಿ ನೆರಗಿ ಹಿಡಕೊಂಡು ಒಳಗಿಂದ ಓಡಿ ಬಂದಳು. ಗಿಲಾಸು ನೋಡಿ ಹಣಿ ಬಡಕೊಂಡಳು. "ಪಪ್ಪಾ! ಮಾವನವ್ರು ಬಿಲ್ಲಿಯವ್ರು! ನಂಗೊಂದು ಮಾತು ಕೇಳಬಾರದೇನು?"

"ಮತ್ತ ಅಳಿಯಾ ಬಾಟ್ಲಿ ಯಾಕ ತಂದ?"

"ನಿಮ್ದು ಬಾರ್ ಅದ ಅಂತ ನಿಮಗ ತಂದಾನ. ಅವರಪ್ಪಗಲ್ಲ!"

ಪಡಸಾಲಿ ತುಂಬ ನಗಿ ಎದ್ದಿತು. ಡೋನಲ್‌ಗ ನಗಿ ಬರಲಿಲ್ಲ. ಅಂವ ಶಿವಕಾಂತನ ಕೊಳ್ಳಾಗಿನ ಮಣಿಗಳನ್ನ ನೋಡ್ಲಾಕತ್ತಿದ್ದ. ಅದು ಯಾನ ಅಂತ ಕೇಳ್ದ. ಮೇಘಾ ಹೇಳಿದಳು, ಇಂವನೂ ಆಣಿ ಮಾಡಿದವನೇ, ನಿಮ್ಮ ಬಾಜೂಕ ಕೂತ ಕಾಕಾನ ಮಗ, ಹುಟ್ಟಿದಾಗಿಂದ ಒಂದು ಹನಿ ನಾಲಿಗಿಗಿ ಹಚ್ಚಿದವನಲ್ಲ. ಡೋನಲ್ ಅಪ್ಪ ಮಗನ ಮಾರಿ ನೋಡ್ದ; ಆಗ ಅಪ್ಪ ತಲಿ ಕೆಳಗ ಹಾಕಿದ್ದು ಅವಗೂ ಕಂಡಿತ್ತು. ಆಮ್ಯಾಲ ಧೊಂಡಿಬಾನ ಕಡಿ ತಿರುಗಿ ಹೇಳ್ಲಾಕ ಶುರು ಮಾಡ್ದ, ಮೇಘಾ ಕನ್ನಡದಾಗ ಹೇಳ್ಕೋತ ಹೋದಳು.

"ನಮ್ಮಪ್ಪ ಭಾಳ ಕುಡೀತಿದ್ದ. ಊರಾಗ ಒಂದೇ ಶೆರಿ ಅಂಗಡಿ. ಆ ಅಂಗಡಿಯವನ ಕೋಟಿನ ಮ್ಯಾಲೂ ಇದೇ ಬಿಲ್ಲಿ ಇತ್ತು. ನಮ್ಮ ಕಡಿ ಅಂಥ ಅಂಗಡಿಯವ್ರು ಬೇಕಾದಷ್ಟು ಮಂದಿ ಇದ್ರು, ಮಾರತಿದ್ರು, ಕುಡೀತಿರಲಿಲ್ಲ. ಮೂರು ಗಿಲಾಸು ಆತಂದ್ರ ಅಂವ ನಮ್ಮಪ್ಪಗ ನಾಲ್ಕನೇದು ಹಾಕ್ತಿರಲಿಲ್ಲ. ಅಪ್ಪ ಬೈತಿದ್ದ, ಹೊಡಿಲಾಕ ಹೋಗ್ತಿದ್ದ. ಅಂವ ಟೊಪಗಿ ಹಾಕ್ಕೊಂಡು, ಅಂಗಡಿ ಬಿಟ್ಟು, ಅಪ್ಪನ ರಟ್ಟಿ ಹಿಡದು ಮಳ್ಯಾಗ ನಡಿಸ್ಕೋತ ಮನಿ ತನಕಾ ತಂದು ಬಿಡ್ತಿದ್ದ. ಅವ್ವ ದಿನಾ 'ದೇವ್ರ, ಆ ಅಂಗಡಿಯವಗ ಕಾಪಾಡು' ಅಂತಿದ್ದಳು. ಅಂವ ಇರಲಿಲ್ಲಂದ್ರ ನಮ್ಮಪ್ಪ ಯಾವದರೆ ಗಟಾರದಾಗ ಸಾಯ್ತಿದ್ದ. ಆ ಅಂಗಡಿಯವ ಸತ್ತಾಗ ಮೊದಲ ಹೆಗಲು ಕೊಟ್ಟವ ನಾನು."

ಧೊಂಡಿಬಾ ತನ್ನ ಮಣಕಾಲ ಮ್ಯಾಲಿನ ಕೈ ನೋಡ್ಕೋತ ಕೂತಿದ್ದ.

"ಶಿವಕಾಂತ," ಅಂದ. ಮಗನ ಹೆಸರು ಆ ಬಾಯಿಂದ ಭಾಳ ದಿನಕ್ಕ ಬಂದಿತ್ತು. "ಆ ದಿನ ಸುಮಿತಗ ನೀ ಯಾಕ ಊರಿಗಿ ಕರ್ಕೊಂಡು ಬಂದಿ?"

"ಬಸ್ಸಿನಾಗ ಹತ್ತಿಸ್ಕೊಳ್ಳಲಿಲ್ಲಪ್ಪಾ. ಬಿಸಲಾಗ ಬಿದ್ದಿದ್ದ. ಬಿಟ್ಟು ಹ್ಯಾಂಗ ಬರ್ಲಿ?"

"ಅಂದೇ ಯಾಕ ಹೇಳಲಿಲ್ಲ?"

"ಹಾಕಿ ಕೊಟ್ಟವ ನಾನೇ ಅಲ್ಲೇನು? ಯಾವ ಮಾರಿ ಇಟಗೊಂಡು ಹೇಳ್ಲಿ? ಅಂದಿನಿಂದ ಅವಗ ಹಾಕಿಲ್ಲ. ಬಂದ್ರ ಚಾ ಕುಡಿಸಿ ಬಸ್ಸಿಗಿ ಹತ್ತಿಸಿ ಕಳಸ್ತೇನಿ."

"ಅವನ ಹೇಣ್ತಿ ಇದನ್ನೇ ಅಂದಿದ್ದಳು ನಿಮ್ಮವ್ವನ ಮುಂದ," ಧೊಂಡಿಬಾ ಮೆಲ್ಲಕ ಅಂದ. "ನಾನೇ ನಂಬಲಿಲ್ಲ."

ಇಷ್ಟು ಹೊತ್ತಿನಾಗ ಸಾವಕಾರರು ಮೂಲ್ಯಾಗ ನಿಂತು ಮೊದಲನೇ ಗಿಲಾಸು ಖಾಲಿ ಮಾಡಿ ಎರಡನೇದಕ್ಕೂ ಬಾಯಿ ಹಚ್ಚಿದ್ರು. "ಏ ಶಿವ್ಯಾ, ಇದು ಬರಾಬರಿ ಅದಲ್ಲೋ! ಎರಡನೇದೇ ಸಪ್ಪಗ ಅದ," ಅಂತ ಅಲ್ಲಿಂದೇ ಒದರಿದ್ರು. ಹೌದು, ಮೊದಲನೇದೇ ಬರಾಬರಿ ಇತ್ತು. ಬ್ಯಾರೆ ದಿನ ಆಗಿದ್ರ ಶಿವಕಾಂತ ಹಿಗ್ತಿದ್ದ, ಆದ್ರ ಈಗ ಆ ಮಾತು ಅವನ ಕಿವಿಗಿ ಬೀಳಲೇ ಇಲ್ಲ.

ನನಗ ಈತನ ಕೈಯಿಂದ ಯಾನರೆ ತಣ್ಣಗಿಂದು ಬೇಕು, ಶೆರಿ ಇಲ್ಲದ್ದು ಅಂದ ಡೋನಲ್. ಶಿವಕಾಂತ ಬ್ಯಾರೆ ಪಾತ್ರಿ ತಗೊಂಡು ಬೆಲ್ಲದ ನೀರು, ಓಂಕಾಳು, ಪುದೀನಾ ಹಾಕಿ, ಅದೇ ನಿದಾನದಾಗ ಬರ್ಫದ ಮ್ಯಾಲ ತಿರುಗಿಸಿ ಕೊಟ್ಟ. ಡೋನಲ್ ಒಂದೇ ದಮ್ಮಿಗಿ ಕುಡದು ಮತ್ತೊಂದು ಕೇಳ್ದ.

"ಅಪ್ಪಾ, ನಿನಗೂ ಮಾಡ್ಲೇನು?" ಶಿವಕಾಂತ ಕೇಳಿಬಿಟ್ಟ, ಕೇಳಿದ ಮ್ಯಾಲ ಅಂಜಿದ.

ಧೊಂಡಿಬಾ ಆ ಉದ್ದನ ಚಮಚಾ ಕಡಿ ನೋಡ್ದ. "ಆ ಆಟೆಲ್ಲ ನನಗ ಬ್ಯಾಡ," ಅಂದ. ಶಿವಕಾಂತ ತಲಿ ಕೆಳಗ ಹಾಕ್ದ. ಧೊಂಡಿಬಾ ಕುರ್ಚಿ ಬಿಟ್ಟು ಎದ್ದು, ಪಡಸಾಲಿ ಪಾವಟಿಗಿ ಮ್ಯಾಲ ಬಂದು ಕುಕ್ಕರಗಾಲಿಲೆ ಕೂತ. ಅಡವ್ಯಾಗ ಕುರಿ ಕಾಯೋರು ಕೂಡೋ ಹಂಗ. ಎರಡೂ ಅಂಗೈ ಕೂಡಿಸಿ ಬೊಗಸಿ ಮಾಡಿ ಬಾಯಿ ಹತ್ರ ಹಿಡದ.

"ಬರೇ ನೀರು ಹಾಕು."

ಶಿವಕಾಂತ ಕೈ ತೊಳಕೊಂಡ. ಲಲಿತಾಬಾಯಿ ಇಟ್ಟಿದ್ದ ಹಿತ್ತಾಳಿ ತಂಬಗಿ ತುಂಬಿಕೊಂಡು ಬಂದು ಅಪ್ಪನ ಬೊಗಸಿ ಮ್ಯಾಲ ಬಗ್ಗಿಸಿದ. ಬೊಗಸಿಗಿ ಬೀಳಬೇಕಾದ ನೀರು ಧೊಂಡಿಬಾನ ಮುಂಗೈ ಮ್ಯಾಲ, ಗಡ್ಡದ ಮ್ಯಾಲ, ಧೋತರದ ಮ್ಯಾಲ ಬಿತ್ತು. ಕಣ್ಣು ತುಂಬಿ ಶಿವಕಾಂತಗ ಬೊಗಸಿ ಎಲ್ಲಿ ಅದ ಅನ್ನೋದೇ ಬರಾಬರಿ ಕಾಣಸ್ತಿರಲಿಲ್ಲ. ಧೊಂಡಿಬಾ ಸಿಕ್ಕಷ್ಟು ಕುಡದ. ಮತ್ತ ಬೊಗಸಿ ಹಿಡದ, ಮತ್ತ ಕುಡದ. ಮೂರನೇ ಸಲ ಕುಡದು, ತೊಯ್ದ ಮಾರಿ ಪಟಗಾದ ತುದೀಲೆ ಒರಸ್ಕೋತ ಮಗನ ಕೈ ನೋಡ್ದ.

"ಆವಾಗ ಅಷ್ಟು ಮಂದಿ ಮುಂದ ಒಂದು ಹನಿ ಚೆಲ್ಲಲಿಲ್ಲಲ್ಲೋ," ಅಂದ. "ಆಷಾಢದಾಗ ಹಿಂಗ ಚೆಲ್ಲಿದ್ರ, ಪಂಢರಪುರ ಮುಟ್ಟೋದ್ರಾಗ ನಾ ನೀರಡಿಸೇ ಸಾಯ್ತೇನಿ."